ಕರೆ ಹೋಯಿತು

ಭಾನುವಾರ, ೧೨ ಅಕ್ಟೋಬರ್ ೨೦೨೫, ರಾಣೆಬೆನ್ನೂರು

ರಜೆಯ ದಿನ ಕೆಲಸದ ಫೋನು ಎತ್ತಬಾರದು. ಎಷ್ಟು ಸಲ ತೀರ್ಮಾನ ಮಾಡಿಕೊಂಡರೂ ಕೈ ಕೇಳುವುದಿಲ್ಲ. ಇವತ್ತೂ ಎತ್ತಿದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದವಳ ಅರ್ಧ ದಿನ ಹಾಳಾಯಿತು.

ಕರೆ ಮಾಡಿದ್ದು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಆಪರೇಟರ್, ಹೊಳಿಯಪ್ಪ. ನಮಸ್ಕಾರವಿಲ್ಲ, ಹೇಗಿದ್ದೀರಿ ಇಲ್ಲ, ನೇರ ಜಗಳ.

"ಏನ್ರೀ ಮೇಡಮ್, ನಿಮ್ಮ ಡಬ್ಬಿ ನಿನ್ನಿ ನನಗ ಫೋನ್ ಹಚ್ಚೇತಂತ? ಯಾವಾಗ ಹಚ್ಚೇತಿ? ನನಗ ಒಂದ ಫೋನೂ ಬಂದಿಲ್ಲ."

ಆ ಡಬ್ಬಿ ಎಂದರೆ ನಾವು ಮಾರ್ಚಿನಲ್ಲಿ ಅಲ್ಲಿ ಕೂರಿಸಿದ ಸಣ್ಣ ಕಂಪ್ಯೂಟರ್. ಮೆಣಸಿನಕಾಯಿ ಚೀಲ ಇಟ್ಟ ಚೇಂಬರಿನಲ್ಲಿ ತಂಪು ಕಡಿಮೆಯಾದರೆ ಅದು ಆಪರೇಟರಿಗೆ ಫೋನು ಮಾಡಬೇಕು. ನಿನ್ನೆ ಮುಂಜಾನೆ ಕರೆಂಟು ಹೋಗಿ ಬಂದಿದೆ. ಮೂರು ಚೇಂಬರಿನ ಯಂತ್ರ ಮತ್ತೆ ಚಾಲು ಆಗಿವೆ, ನಾಲ್ಕನೆಯದು ಆಗಿಲ್ಲ. ಇವತ್ತು ಬಾಗಿಲು ತೆಗೆದರೆ ಮಾಳಿಗೆಯಿಂದ ನೀರು ತೊಟ್ಟಿಕ್ಕುತ್ತಿದೆ, ಮೇಲಿನ ಚೀಲಗಳೆಲ್ಲ ಹಸಿ. ನಿನ್ನೆ ಶನಿವಾರ. ಈ ಮನುಷ್ಯ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿದ್ದನಂತೆ.

ಲ್ಯಾಪ್‌ಟಾಪ್ ತೆಗೆದು ಬ್ಯಾಡಗಿಯ ಡಬ್ಬಿ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ನೋಡಿದೆ. ಶನಿವಾರ ಮುಂಜಾನೆಯಿಂದ ಸಾಲುಸಾಲಾಗಿ ಬರೆದಿದೆ: ಕರೆ ಹೋಯಿತು, ಕರೆ ಹೋಯಿತು, ಕರೆ ಹೋಯಿತು. ಹೇಳಿದೆ, "ಕಂಪ್ಯೂಟರ್ ಸುಳ್ಳು ಹೇಳೂದಿಲ್ರಿ. ಗುಡ್ಯಾಗ ಗದ್ದಲಿತ್ತೇನೋ, ಕೇಳಿಸಿರಾಕಿಲ್ಲ."

ಫೋನು ಇಟ್ಟುಬಿಟ್ಟ. ಇಡಲಿ. ತಪ್ಪು ಮಾಡಿದವರೇ ಮೊದಲು ಸಿಟ್ಟಾಗುತ್ತಾರೆ.

ಸೋಮವಾರ, ೧೩ ಅಕ್ಟೋಬರ್

ಕೋಲ್ಡ್ ಸ್ಟೋರೇಜಿನ ಮಾಲೀಕ ಪ್ರಭುಲಿಂಗಪ್ಪ ಸಾವ್ಕಾರರು ತಾವೇ ಆಫೀಸಿಗೆ ಬಂದರು. ಸೋಮವಾರ ಬ್ಯಾಡಗಿಯ ಪೇಟೆ ದಿನ. ಅದನ್ನು ಬಿಟ್ಟು ಮೇಡ್ಲೇರಿ ರಸ್ತೆಯ ಬೀಜದಂಗಡಿಯ ಮೇಲಿನ ನಮ್ಮ ಎರಡು ಖೋಲಿಗೆ ಮೆಟ್ಟಿಲು ಹತ್ತಿ ಬಂದರೆಂದರೆ ಎಷ್ಟು ಬೆಂಕಿ ಬಿದ್ದಿರಬೇಕು. ನಮ್ಮ ಪ್ರವೀಣಕುಮಾರ ಸರ್ ಕುರ್ಚಿ ಒರೆಸಿ ಕೊಟ್ಟರು. ಕಂಪನಿ ಅವರದು, ನಾನು ಮತ್ತು ಫೋನು ನೋಡಿಕೊಳ್ಳುವ ಜಾಹೀದಾ, ಇಷ್ಟೇ ಮಂದಿ.

"ಚೀಲಾ ಇಟ್ಟ ಮಂದಿ ನನ್ನ ಕೊಳ್ಳಪಟ್ಟಿ ಹಿಡದಾರ," ಎಂದರು ಸಾವ್ಕಾರರು. "ಶುಕ್ರವಾರ ಎಲ್ಲಾರನ್ನೂ ಕರದೇನಿ. ತಪ್ಪು ಯಾರದಂತ ಅವರ ಎದುರಿಗೆ ಹೇಳಬೇಕು. ಫೋನ್ ಹೋಗಿದ್ದು ಖರೇ ಹೌದಲ್ಲೋ?"

"ಖರೇರಿ. ಲಾಗ್ ಐತ್ರಿ," ಎಂದರು ಸರ್.

"ಹಂಗಾರ ಆತು. ಹೊಳಿಯಪ್ಪನ್ನ ಅವತ್ತ ಬಿಡಿಸಿ ಕಳಸ್ತೇನಿ. ಸಣ್ಣ ಹುಡುಗ ಇದ್ದಾಗಿಂದ ನನ್ನ ಕಡೆ ಇದ್ದಾನ. ಸುಳ್ಳು ಹೇಳಬಾರದಿತ್ತು."

ಹಾಗೆ ಬಿಡಿಸಿದರೆ ಬ್ಯಾಡಗಿಯ ಯಾವ ಕೋಲ್ಡ್ ಸ್ಟೋರೇಜಿನವರೂ ಅವನನ್ನು ಒಳಗೆ ಬಿಡುವುದಿಲ್ಲ, ಅದು ನನಗೂ ಗೊತ್ತು. ಅದು ನನ್ನ ಕೆಲಸವಲ್ಲ. ನನ್ನ ಕೆಲಸ ಪ್ರೋಗ್ರಾಮು ಸರಿಯಿದೆಯೇ ಎಂದು ನೋಡುವ ಟೆಸ್ಟ್ ಬರೆಯುವುದು. ಮಧ್ಯಾಹ್ನ ಎಲ್ಲ ಟೆಸ್ಟನ್ನೂ ಮತ್ತೊಮ್ಮೆ ಓಡಿಸಿದೆ. ಎಲ್ಲ ಹಸಿರು, ಎಲ್ಲ ಪಾಸು.

ಒಂದೇ ಒಂದು ಕಿರಿಕಿರಿ. ಲಾಗಿನಲ್ಲಿ ಕರೆ ಶುರುವಾದದ್ದೂ ಹೋದದ್ದೂ ಒಂದೇ ಸೆಕೆಂಡಿನಲ್ಲಿ ಬರೆದಿದೆ. ಫೋನು ಅಷ್ಟು ಬೇಗ ಹೋಗುತ್ತದೆಯೇ? ನಮ್ಮ ಅವ್ವನಿಗೆ ಹಚ್ಚಿದರೆ ಟ್ರಿಣ್ ಎನ್ನುವಷ್ಟರಲ್ಲಿ ಒಂದು ಬಸ್ಸು ತಪ್ಪುತ್ತದೆ. ಇಂಥದ್ದು ನನ್ನ ಕಣ್ಣಿಗೇ ಯಾಕೆ ಬೀಳಬೇಕೋ, ದರಿದ್ರ ಕಣ್ಣು.

ಮಂಗಳವಾರ, ೧೪ ಅಕ್ಟೋಬರ್

ಇವತ್ತು ಮೈಯೆಲ್ಲ ಉರಿಯುತ್ತಿದೆ. ಬರೆದರೆ ತಣ್ಣಗಾಗಬಹುದು.

ನಮ್ಮ ಪ್ರೋಗ್ರಾಮಿನಲ್ಲಿ ಒಂದೊಂದು ತುಂಡಿಗೆ ಒಂದೊಂದು ಕೆಲಸ. ಒಂದು ತುಂಡು ಉಷ್ಣಾಂಶ ಓದುತ್ತದೆ, ಇನ್ನೊಂದು ತೀರ್ಮಾನ ಮಾಡುತ್ತದೆ, ಮತ್ತೊಂದು ಕರೆ ಮಾಡುತ್ತದೆ. ತೀರ್ಮಾನ ಮಾಡುವ ತುಂಡಿಗೆ ತನ್ನ ಜೊತೆ ಕರೆ ಮಾಡುವವರು ಯಾರು ಎಂದು ತಾನಾಗಿ ಗೊತ್ತಿರುವುದಿಲ್ಲ. ಅದು ಕಾನ್ಫಿಗರೇಶನ್ ಫೈಲಿನಲ್ಲಿ, ಎಂದರೆ ಯಾರ ಜೊತೆ ಯಾರು ಎನ್ನುವ ಪಟ್ಟಿಯಲ್ಲಿ, ಬರೆದಿರುತ್ತದೆ. ಕಂಟೇನರ್ ಎನ್ನುವುದು ಅದನ್ನು ಓದಿ ಯಾರ ಪಕ್ಕ ಯಾರನ್ನು ಕೂರಿಸಬೇಕೋ ಕೂರಿಸುತ್ತದೆ. ಮದುವೆಯ ಪಂಕ್ತಿ ಕೂರಿಸುವ ದೊಡ್ಡವರ ಹಾಗೆ.

ನಮ್ಮಲ್ಲಿ ಕರೆ ಮಾಡುವವರು ಇಬ್ಬರು. ಒಬ್ಬ ಖರೇ, ಒಬ್ಬ ಖೊಟ್ಟಿ. ಟೆಸ್ಟ್ ಓಡಿಸುವಾಗ ಸಾವ್ಕಾರರ ಮಂದಿಗೆ ಫೋನು ಹೋಗಬಾರದಲ್ಲ, ಅದಕ್ಕೆ ಖೊಟ್ಟಿಯವ. ಅವ ಯಾರಿಗೂ ಫೋನು ಮಾಡುವುದಿಲ್ಲ, ಸುಮ್ಮನೆ "ಕರೆ ಹೋಯಿತು" ಎಂದು ಬರೆಯುತ್ತಾನೆ. ಹಸಿರಾದ ಟೆಸ್ಟುಗಳೆಲ್ಲ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹಸಿರಾಗಿವೆ. ಪಂಕ್ತಿ ಸರಿಯಾಗಿ ಕೂತಿದೆಯೇ ಎಂದು ನೋಡುವ ಟೆಸ್ಟು ಒಂದೂ ಇಲ್ಲ. ಏಪ್ರಿಲ್‌ನಲ್ಲಿ ನಾನು ಬರೆಯುತ್ತೇನೆ ಎಂದಿದ್ದೆ. ಸರ್ ಏನೆಂದರು? "ಅದನ್ನ ಫ್ರೇಮ್‌ವರ್ಕ್ ನೋಡ್ಕೋತೈತಿ ಪುಷ್ಪಾ, ನೀ ಯಾಕ ತಲಿ ಕೆಡಿಸ್ಕೋತಿ?"

ಪ್ರೋಗ್ರಾಮನ್ನೆಲ್ಲ ಹೊತ್ತು ನಡೆಸಬೇಕಾದ ಆ ಫ್ರೇಮ್‌ವರ್ಕೇ ಬ್ಯಾಡಗಿಯ ಡಬ್ಬಿಯಲ್ಲಿ ಇಲ್ಲ! ಸಣ್ಣ ಯಂತ್ರ, ಭಾರ ತಾಳುವುದಿಲ್ಲವೆಂದು ಸರ್ ತಾವೇ ಪಿಎಚ್‌ಪಿ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಬರೀ ಕಂಟೇನರನ್ನು ಎಬ್ಬಿಸುವ ಹಾಗೆ ಮಾಡಿದ್ದಾರೆ.

ಇವತ್ತು ಆ ಟೆಸ್ಟು ಬರೆದೆ. ಫ್ರೇಮ್‌ವರ್ಕನ್ನು ಹೊರಗಿಟ್ಟು, ಅಲ್ಲಿ ಏಳುವ ಹಾಗೆಯೇ ಕಂಟೇನರನ್ನು ಇಲ್ಲಿ ಎಬ್ಬಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ನೀನು ಯಾರು ಎಂದು ಕೇಳಿದೆ. ಕರೆ ಮಾಡುವವನ ಜಾಗದಿಂದ ಎದ್ದು ಬಂದವನು ಖೊಟ್ಟಿ.

ಲ್ಯಾಪ್‌ಟಾಪ್ ಎತ್ತಿಕೊಂಡು ಸರ್ ಎದುರಿಗಿಟ್ಟೆ. ಅವರು ಬಹಳ ಹೊತ್ತು ನೋಡಿ, "ಇದು ನಿನ್ನ ಮಷೀನ್. ಅಲ್ಲಿ ಹಂಗಿಲ್ಲ. ಮಾರ್ಚಿನ್ಯಾಗ ನಾವ ಇಬ್ಬರೂ ನಿಂತು ನೋಡಿಲ್ಲೇನು? ಫೋನ್ ಬರ್ಲಿಲ್ಲೇನು?" ಎಂದರು.

ಬಂದಿತ್ತು. ನನ್ನ ಕಣ್ಣೆದುರೇ ಆ ಹೊಳಿಯಪ್ಪನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತ್ತು. ಬಾಯಿ ಮುಚ್ಚಿಕೊಂಡು ಬಂದೆ. ಸೋತಿದ್ದಕ್ಕಿಂತ ಬಾಯಿ ಮುಚ್ಚಿಕೊಂಡದ್ದಕ್ಕೆ ಹೆಚ್ಚು ಸಿಟ್ಟು ಬಂದಿದೆ.

ಬುಧವಾರ, ೧೫ ಅಕ್ಟೋಬರ್

ಹುಷಾರಿಲ್ಲವೆಂದು ಆಫೀಸಿಗೆ ಸುಳ್ಳು ಹೇಳಿ ಹಾವೇರಿಗೆ ಹೋಗಿದ್ದೆ. ಹೊಳಿಯಪ್ಪ ಶುಕ್ರವಾರದ ತನಕ ಅಲ್ಲಿ ಮಗಳ ಮನೆಯಲ್ಲಿದ್ದಾನೆಂದು ಜಾಹೀದಾ ವಿಚಾರಿಸಿ ಹೇಳಿದಳು. ಅವನ ಫೋನಿನಲ್ಲಿ ಶನಿವಾರದ ಕರೆಗಳ ಪಟ್ಟಿ ನೋಡಿದರೆ ಮುಗಿಯಿತು ಎಂದುಕೊಂಡಿದ್ದೆ. ನನ್ನ ಜಾಣತನಕ್ಕಿಷ್ಟು.

ಮಗಳು ದೀಪಿಕಾ ಕುಂದ್ರಿ ಎಂದು ಚಾಪೆ ಹಾಸಿದಳು, ಚಹಾ ಕೊಟ್ಟಳು. ಹೊಳಿಯಪ್ಪ ಹೊರಗಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಫೋನು ತೋರಿಸಿ ಎಂದೆ.

"ಯಾಕ ತೋರಸ್ಲಿ?"

"ಕರೆ ಬಂದಿಲ್ಲಂತ ಗೊತ್ತಾಗ್ತೇತ್ರಿ."

"ಬಂದಿಲ್ಲಂತ ನಾ ಹೇಳಾಕತ್ತೇನಲ್ಲ. ನನ್ನ ಮಾತು ನಡಿಯೂದಿಲ್ಲ, ಫೋನಿನ ಮಾತು ನಡೀತೇತೇನು? ಫೋನ್ ತೋರಿಸಿದ್ರ ಅಳಿಸ್ಯಾನ ಅಂತೀರಿ. ಅದಕ್ಕ ಮತ್ತೇನ ತೋರಸ್ಲಿ ನಾ?"

ಅಪ್ಪಾ, ತೋರಿಸು ಅಂತ ಮಗಳೂ ಗೋಗರೆದಳು. ಊಹೂಂ. ಇಂಥ ಹಟಮಾರಿಯನ್ನು ನಾನು ನೋಡಿಲ್ಲ. ಸಹಾಯಕ್ಕೆ ಬಂದವಳ ಮೇಲೇ ಹಾರಾಡುತ್ತಾನೆ. ನನಗೂ ರೇಗಿತು. "ನಿಮ್ಮ ಸಲುವಾಗಿನ ಬಂದೇನ್ರಿ ನಾ," ಎಂದು ದನಿ ಏರಿಸಿದೆ. ಆಗ ತಿರುಗಿದ.

"ನನ್ನ ಸಲುವಾಗಿ? ನಿಮ್ಮ ಡಬ್ಬಿ ಬರೂಕಿಂತ ಮೊದ್ಲ ನಾವು ಇಬ್ಬರಿದ್ದಿವಿ. ಪಾಳಿ ಮ್ಯಾಲೆ ಥರ್ಮಾಮೀಟರ್ ನೋಡ್ತಿದ್ದಿವಿ. ಇನ್ನ ಬ್ಯಾಡ, ಡಬ್ಬಿ ಫೋನ್ ಹಚ್ಚತೇತಿ, ನೀವು ಆರಾಮ ನಿಮ್ಮ ಕೆಲಸಕ್ಕ ಹೋಗಿ ಬರ್ರಿ ಅಂತ ನಿಮ್ಮ ಸರ್ ಹೇಳಿದ್ರು. ಬೀರಲಿಂಗಪ್ಪನ್ನ ಬಿಡಿಸಿದ್ರು. ನಾ ಏನ ತಪ್ಪು ಮಾಡೇನಿ? ಖಂಡಿ ಪೂಜಿ ದಿನ ಸಾವ್ಕಾರ್ರು ಎಲ್ಲಾ ಮಷೀನ್ ಬಂದ್ ಮಾಡ್ರಿ ಅಂದ್ರು. ಒಂದೊಂದ ಕಂಪ್ರೆಸರ್ ಬಂದ್ ಮಾಡಿ, ಒರಸಿ, ಕುಂಕುಮ ಹಚ್ಚಿ ಚಾಲು ಮಾಡೇನಿ. ನಿಮ್ಮ ಡಬ್ಬೀನೂ ಬಿಟ್ಟಿಲ್ಲ. ಬಂದ್ ಮಾಡಿ, ವಿಭೂತಿ ಹಚ್ಚಿ, ಚೆಂಡುಹೂವು ಹಾಕಿ, ಕಾಯಿ ಒಡದು ಚಾಲು ಮಾಡೇನಿ. ದೇವರಂಗ ನೋಡ್ಕೊಂಡಿದ್ದಕ್ಕ ನನ್ನ ಕಳ್ಳ ಮಾಡ್ತು."

ಚಹಾದ ಲೋಟ ದೀಪಿಕಾಳ ಕೈಗೆ ಕೊಟ್ಟು ಹೊರಟೆ. ಬಸ್ಸು ಹತ್ತಿ, ಮೋಟೆಬೆನ್ನೂರು ದಾಟುವಷ್ಟರಲ್ಲಿ ತಲೆಗೆ ಹೊಳೆದು ಸೀಟಿನ ಮೇಲೆ ನೆಟ್ಟಗೆ ಕೂತೆ.

ಬಂದ್ ಮಾಡಿ ಚಾಲು ಮಾಡಿದ್ದಾರೆ! ಮಾರ್ಚಿನಲ್ಲಿ ಸರ್ ಅದನ್ನು ಕೈಯಿಂದ ಚಾಲು ಮಾಡಿದ್ದರು. ಚಾಲು ಮಾಡುವಾಗ ಇದು ಖರೇ ಜಾಗ ಎಂದು ಒಂದು ಶಬ್ದ ಟೈಪ್ ಮಾಡಿ ಹೇಳಿದ್ದರು. ಕರೆಂಟು ಹೋದರೆ ಇನ್ವರ್ಟರ್ ಇದೆ, ಪೂಜೆಯ ತನಕ ಅದು ಒಮ್ಮೆಯೂ ಬಂದ್ ಆಗಿರಲಿಲ್ಲ. ಮಹಾನವಮಿಯ ಆಯುಧಪೂಜೆಯ ದಿನ ಗುಂಡಿ ಒತ್ತಿ ಚಾಲು ಮಾಡಿದಾಗ ಆ ಶಬ್ದ ಹೇಳುವವರು ಯಾರು? ಹೇಳಿದರೆ ಕಂಟೇನರ್ ಖರೇಯವನ ಹೆಸರಿರುವ ಇನ್ನೊಂದು ಫೈಲನ್ನೂ ಓದುತ್ತದೆ, ಯಾರೂ ಹೇಳದಿದ್ದರೆ ಮೂಲ ಫೈಲಷ್ಟನ್ನೇ ಓದುತ್ತದೆ. ಮೂಲ ಫೈಲಿನಲ್ಲಿ ಕೂತಿರುವವನು ಖೊಟ್ಟಿ.

ಮನೆಗೆ ಬಂದವಳೇ ಲಾಗ್ ನೋಡಿದೆ. ಸೆಪ್ಟೆಂಬರಿನಲ್ಲಿ ಒಂದೊಂದು ಕರೆಗೆ ಹತ್ತು ಹದಿನೈದು ಸೆಕೆಂಡು. ಅಕ್ಟೋಬರ್ ಒಂದರ ಪೂಜೆಯ ನಂತರ ಎಲ್ಲವೂ ಒಂದೇ ಸೆಕೆಂಡು.

ನಮ್ಮ ಆಫೀಸಿನಲ್ಲೂ ಅವತ್ತು ಎಲ್ಲ ಕಂಪ್ಯೂಟರ್ ಬಂದ್ ಮಾಡಿ ಪೂಜೆ ಮಾಡಿದೆವು. ಕೀಬೋರ್ಡಿಗೆ ಕುಂಕುಮ ಹಚ್ಚಿದವಳು ನಾನೇ. ವರ್ಷಕ್ಕೊಂದು ದಿನ ಯಂತ್ರ ನಿಲ್ಲಿಸಿ ಕೈಮುಗಿಯುವ ಊರಲ್ಲಿ ಹುಟ್ಟಿ, ನಿಂತು ಚಾಲು ಆದರೆ ಏನಾಗುತ್ತದೆ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಥೂ.

ಗುರುವಾರ, ೧೬ ಅಕ್ಟೋಬರ್

ಸರ್‌ಗೆ ಎಲ್ಲ ಹೇಳಿದೆ. ಈ ಸಲ ವಾದ ಮಾಡಲಿಲ್ಲ. ಬಾಗಿಲು ಹಾಕಿ ಬಂದು ಕೂತರು.

"ದೀಪಾವಳಿ ಆದ ಮ್ಯಾಲೆ ಇನ್ನೂ ಮೂರು ಕೋಲ್ಡ್ ಸ್ಟೋರೇಜಿನವರು ಸಹಿ ಹಾಕವರದಾರ. ಈಗ ಇದು ಹೊರಗ ಬಿತ್ತಂದ್ರ ಬಾಗಲಾ ಹಾಕೂದ ಆಕ್ಕೇತಿ. ನಾ ಇಲ್ಲಿಂದನ ಸರಿ ಮಾಡ್ತೇನಿ. ಯಾರಿಗೂ ಗೊತ್ತಾಗೂದಿಲ್ಲ."

"ಹೊಳಿಯಪ್ಪನವರು?"

"ಅವರಿಗೆ ಎಲ್ಲೆರ ಕೆಲಸ ಸಿಗತೈತಿ."

"ಕಳ್ಳ ಅನ್ನಿಸಿಕೊಂಡವರಿಗೆ ಎಲ್ಲಿ ಸಿಗತೈತ್ರಿ ಸರ್?"

"ನಾಳೆ ನೀನೂ ಬಾ," ಎಂದರು. "ಲಾಗ್ ನೀನ ಓದು. ನೀ ಓದಿದ್ರ ನಂಬತಾರ."

ಕುಪ್ಪೇಲೂರಿನಿಂದ ಬಂದು ಪಿಎಚ್‌ಪಿ ಎಂದರೆ ಏನೆಂದು ಗೊತ್ತಿಲ್ಲದವಳಿಗೆ ಅಕ್ಷರ ಅಕ್ಷರ ಕಲಿಸಿದವರು ಇವರೇ. ಅದು ನೆನಪಾದಾಗಲೆಲ್ಲ ಸಿಟ್ಟು ಇನ್ನೂ ಏರುತ್ತದೆ. ಬೇರೆಯವರಾಗಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ.

ಊಟಕ್ಕೆ ಕೂತಾಗ ರೊಟ್ಟಿ ಮುರಿಯುವುದನ್ನು ನೋಡಿ ಅವ್ವ ಕೇಳಿದಳು, "ಯಾರ ಮ್ಯಾಲಿನ ಸಿಟ್ಟಬೇ ಅದು? ರೊಟ್ಟಿ ಏನ ಮಾಡೇತಿ?"

ಕೆಲಸ ಹೋದರೆ ಏನು ಮಾಡುವುದು ಎಂದು ಕೇಳಿದೆ. "ಯಾರದು?" ಎಂದಳು. ಹೊಳಿಯಪ್ಪನವರದು ಎಂದೆ. ಅವ್ವ ನನ್ನ ಮುಖ ನೋಡಿ ಇನ್ನೊಂದು ಚಮಚೆ ಪಲ್ಯ ಬಡಿಸಿದಳು.

ಶುಕ್ರವಾರ, ೧೭ ಅಕ್ಟೋಬರ್, ಬ್ಯಾಡಗಿಯಿಂದ ಬಂದ ಮೇಲೆ

ಚಪ್ಪಲಿ ಬಿಟ್ಟವಳೇ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಚೀಲದ ಮಂದಿ ತುಂಬಿದ್ದರು. ನಾಲ್ಕನೇ ಚೇಂಬರಿನ ಚೀಲಗಳನ್ನು ತೆಗೆದು ಬಿಸಿಲಿಗೆ ಹರವಿದ್ದರು. ಕೆಂಪು ಹೋಗಿ ಮಣ್ಣಿನ ಬಣ್ಣ ಬಂದಿದೆ, ಘಾಟಿನ ಜೊತೆ ಬೂಷ್ಟಿನ ವಾಸನೆ. ಒಬ್ಬೊಬ್ಬರೂ ಕೆಮ್ಮುತ್ತಾ ಬೈಯುತ್ತಿದ್ದರು. ಹೊಳಿಯಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಒಬ್ಬರೇ ತೂಕದ ಯಂತ್ರದ ಹತ್ತಿರ ನಿಂತಿದ್ದರು. ಅವರ ಹತ್ತಿರ ಯಾರೂ ನಿಂತಿರಲಿಲ್ಲ.

ಸಾವ್ಕಾರರು ಸರ್ ಕಡೆ ನೋಡಿದರು, ಸರ್ ನನ್ನ ಕಡೆ ನೋಡಿದರು. "ಲಾಗ್ ಓದು ಪುಷ್ಪಾ."

"ಓದೂದಿಲ್ರಿ," ಎಂದೆ. "ತೋರಸ್ತೇನಿ."

ಹೇಳುವಾಗಲೇ ಒಂದು ಭಯವಿತ್ತು. ಸರಿ ಮಾಡುತ್ತೇನೆ ಎಂದಿದ್ದರು ಸರ್. ಮಾಡಿಬಿಟ್ಟಿದ್ದರೆ? ಈಗ ಫೋನು ಬಂದರೆ, ಇಷ್ಟು ಮಂದಿಯ ಎದುರಿಗೆ ಹೊಳಿಯಪ್ಪನವರನ್ನು ನನ್ನ ಕೈಯಾರೆ ಕಳ್ಳ ಮಾಡಿದ ಹಾಗೆ. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಸರ್ ಕನ್ನಡಕ ಒರೆಸುತ್ತಿದ್ದರು.

ನಾಲ್ಕನೇ ಚೇಂಬರಿನ ಉಷ್ಣಾಂಶ ನೋಡುವ ಕಡ್ಡಿಯನ್ನು ವೈರಿನ ಸಮೇತ ಹೊರಗೆ ಎಳೆದು ತಂದೆ. ಡಬ್ಬಿಯ ಪರದೆಯನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದೆ. ಅದರ ನೆತ್ತಿಯ ಮೇಲೆ ವಿಭೂತಿ ಇನ್ನೂ ಇತ್ತು.

"ಕಾಕಾ, ನಿಮ್ಮ ಫೋನ್ ಇಲ್ಲಿ ಇಡ್ರಿ," ಎಂದೆ.

ಹೊಳಿಯಪ್ಪನವರು ಅಲುಗಾಡಲಿಲ್ಲ. ಬುಧವಾರದ ಹಾಗೆಯೇ ದವಡೆ ಬಿಗಿದಿತ್ತು.

"ಅದನ್ನ ತೆಗೆದು ನೋಡೂದಿಲ್ರಿ ಯಾರೂ. ಮಂದಿ ಎದುರಿಗೆ ಸುಮ್ಮನ ಇಡ್ರಿ ಸಾಕು."

ಬಂದರು. ತೂಕದ ಯಂತ್ರದ ತಗಡಿನ ಮೇಲೆ ಫೋನು ಮೇಲ್ಮುಖವಾಗಿ ಇಟ್ಟು, ದನಿ ಪೂರಾ ಏರಿಸಿದರು. ಸಾವ್ಕಾರರು ತಮ್ಮ ಫೋನಿನಿಂದ ಒಮ್ಮೆ ಹಚ್ಚಿ ನೋಡಿದರು. ಬಂತು. ಫೋನು ಸರಿಯಿದೆ ಎಂದು ಎಲ್ಲರಿಗೂ ಗೊತ್ತಾಯಿತು.

ಕಡ್ಡಿಯನ್ನು ಬಿಸಿ ಚಹಾದ ಗ್ಲಾಸಿನಲ್ಲಿ ಅದ್ದಿದೆ.

ಪರದೆಯ ಮೇಲೆ ಅಂಕಿ ಏರಿತು. ಮುಂದಿದ್ದ ಒಬ್ಬ ಗಟ್ಟಿಯಾಗಿ ಓದಿದ: "ಕರೆ ಹೋಯಿತು." ಎಲ್ಲರೂ ಫೋನಿನ ಕಡೆ ಬಗ್ಗಿದರು. ಫೋನು ಸುಮ್ಮನೆ ಮಲಗಿತ್ತು. ಎರಡು ನಿಮಿಷಕ್ಕೆ ಇನ್ನೊಂದು ಸಾಲು ಬಂತು. "ಕರೆ ಹೋಯಿತು," ಎಂದು ಮತ್ತೆ ಓದಿದ. ಈ ಸಲ ಅವನ ದನಿ ಸಣ್ಣಗಾಗಿತ್ತು. ಮೂರನೆಯದನ್ನು ಯಾರೂ ಓದಲಿಲ್ಲ.

"ಎಲ್ಲಿ ಹೋತು ಕರಿ?" ಎಂದರು ಸಾವ್ಕಾರರು.

"ಎಲ್ಲೂ ಹೋಗಿಲ್ರಿ. ಖಂಡಿ ಪೂಜಿ ದಿನದಿಂದ ಒಂದೂ ಹೋಗಿಲ್ಲ. ಬಂದ್ ಮಾಡಿ ಚಾಲು ಮಾಡಿದ್ರ ಇದಕ್ಕ ಫೋನ್ ಹಚ್ಚಾಕ ಬರೂದಿಲ್ಲ, ಹಚ್ಚೇನಿ ಅಂತ ಬರೀ ಬರೀತೈತಿ. ತಪ್ಪು ಪೂಜೀದಲ್ಲ, ಹೊಳಿಯಪ್ಪ ಕಾಕಾಂದಲ್ಲ. ನಮ್ಮದು."

ನಮ್ಮದು ಎನ್ನುವಾಗ ಸರ್ ಮುಖ ನೋಡಲಾಗಲಿಲ್ಲ. ಅವರು ಸರಿ ಮಾಡಿರಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ನನಗೆ ಇನ್ನೂ ತಿಳಿದಿಲ್ಲ. ನನ್ನ ಪಕ್ಕಕ್ಕೆ ಬಂದು, "ಸೋಮವಾರದಿಂದ ಬರಬ್ಯಾಡ," ಎಂದಷ್ಟೇ ಹೇಳಿ ಗೇಟಿನ ಕಡೆ ನಡೆದರು. ಚೀಲದ ಮಂದಿ ಅವರ ಹಿಂದೆ ಬಿದ್ದರು. ಸಾವ್ಕಾರರು ಅವರನ್ನು ತಡೆದು ನಿಲ್ಲಿಸಬೇಕಾಯಿತು.

ಹೊಳಿಯಪ್ಪನವರು ಮಾತ್ರ ಫೋನಿನ ಹತ್ತಿರದಿಂದ ಕದಲಿರಲಿಲ್ಲ. ನನ್ನನ್ನು ಹೊಗಳುತ್ತಾರೆಂದು ನಾನೇನೂ ಕಾಯುತ್ತಿರಲಿಲ್ಲ, ಕಾಯುತ್ತಿದ್ದೆನೇನೋ, ಇರಲಿ. ಅವರು ಕೇಳಿದ್ದಿಷ್ಟೇ:

"ಈಗ ಖರೇ ಬರಂಗ ಮಾಡಾಕ ಬರ್ತೈತೇನು?"

ಒಂದೇ ಸಾಲು. ಖೊಟ್ಟಿಯವನನ್ನು ಮೂಲ ಫೈಲಿನಿಂದ ಎಬ್ಬಿಸಿ ಖರೇಯವನನ್ನು ಕೂರಿಸಿದೆ. ಡಬ್ಬಿಯನ್ನು ಪೂರಾ ಬಂದ್ ಮಾಡಿ, ಬರೀ ಗುಂಡಿ ಒತ್ತಿ ಚಾಲು ಮಾಡಿದೆ, ಅವತ್ತು ಅವರು ಮಾಡಿದ ಹಾಗೆಯೇ. ಚಹಾ ಆರಿತ್ತು, ಸಾವ್ಕಾರರು ತಾವೇ ಬೇರೆ ಚಹಾ ತಂದುಕೊಟ್ಟರು.

ಅದ್ದಿದೆ. ಹತ್ತು ಹದಿನೈದು ಸೆಕೆಂಡು ಎಂದರೆ ಎಷ್ಟು ಉದ್ದವೆಂದು ನನಗೆ ಇವತ್ತೇ ಗೊತ್ತಾದದ್ದು.

ಬಂತು. ತಗಡಿನ ಮೇಲೆ ಫೋನು ಗಡಗಡ ನಡುಗಿ ಕೂಗಿತು. ಗೇಟಿನ ಹತ್ತಿರವಿದ್ದವರೆಲ್ಲ ತಿರುಗಿ ನೋಡಿದರು.

"ಎತ್ತೋ ಹೊಳಿಯಪ್ಪ," ಎಂದರು ಸಾವ್ಕಾರರು. ದನಿ ಮೆತ್ತಗಿತ್ತು. "ಆತು, ಎತ್ತು. ನಾಳೆಯಿಂದ ಕೆಲಸಕ್ಕ ಬಾ."

ಹೊಳಿಯಪ್ಪನವರು ಕೈಕಟ್ಟಿ ನಿಂತಿದ್ದರು. "ಎತ್ತೂದಿಲ್ರಿ. ಕೇಳ್ಲಿ ಎಲ್ಲಾರೂ."

ಅದು ಕೂಗಿ ಕೂಗಿ ನಿಂತಿತು. ಯಾರೂ ಎತ್ತದಿದ್ದರೆ ಎರಡು ನಿಮಿಷ ಬಿಟ್ಟು ಮತ್ತೆ ಕರೆಯಬೇಕೆಂದು ಬರೆದವಳು ನಾನು. ಅಷ್ಟೂ ಹೊತ್ತು ಅಂಗಳದಿಂದ ಯಾರೂ ಹೊರಡಲಿಲ್ಲ. ಮತ್ತೆ ಕರೆಯಿತು. ಹೊಳಿಯಪ್ಪನವರು ಆಗಲೂ ಎತ್ತಲಿಲ್ಲ.